ಹೆಡ್‌ಲೈಟು ಮಿಣುಕಿದರೆ ಬ್ಯಾಟರಿಯದೇ ತಪ್ಪೇ?

ಕುಂಭಾಶಿ: ಹೊಸ ಗಾಡಿ ಕೊಂಡವರು ಅದನ್ನು ಆನೆಗುಡ್ಡೆ ವಿನಾಯಕನ ಮುಂದೆ ತಂದು, ಪೂಜೆ ಮಾಡಿಸಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಹೊರಡುವುದು ಈ ಸೀಮೆಯಲ್ಲಿ ನಡೆದು ಬಂದ ರೂಢಿ. ಅಂದು ಗಾಡಿಯ ಲೈಟುಗಳೆಲ್ಲ ಪಳಪಳ ಎನ್ನುತ್ತಿರುತ್ತವೆ. ಮೂರು ನಾಲ್ಕು ಮಳೆಗಾಲ ಕಳೆಯಲಿ, ಅದೇ ಗಾಡಿಯನ್ನು ಸಂಜೆ ಏಳರ ಮೇಲೆ ಹೆದ್ದಾರಿಯಲ್ಲಿ ನೋಡಿ. ಒಂದು ಕಣ್ಣು ಮಂಕು, ಇನ್ನೊಂದು ಕಣ್ಣು ಮಿಣುಕು. ಹಾರ್ನ್ ಒತ್ತಿದರೆ ಲೈಟು ಸಣ್ಣದಾಗುತ್ತದೆ, ಹೊಂಡಕ್ಕೆ ಬಿದ್ದರೆ ಆರಿ ಮತ್ತೆ ಹತ್ತುತ್ತದೆ.

ಮರುದಿನ ಗ್ಯಾರೇಜಿನ ಮುಂದೆ ನಡೆಯುವ ಸಂಭಾಷಣೆ ಎಲ್ಲರಿಗೂ ಗೊತ್ತಿದ್ದದ್ದೇ.

"ಹ್ವಾಯ್, ಲೈಟ್ ಮಿಣುಕತ್ತ್ ಕಾಣಿ, ಎಂತ ಆಯ್ತ್?"

"ಬ್ಯಾಟ್ರಿ ಹೋಯ್ತ್ ಮಾರ್ರೆ."

ಅಲ್ಲಿಗೆ ಮುಗಿಯಿತು. ಸಣ್ಣ ಕಾರಿನ ಬ್ಯಾಟರಿಗೆ ಇಂದು ನಾಲ್ಕೈದು ಸಾವಿರ ರೂಪಾಯಿ. ಕಿಸೆಯಿಂದ ಹಣ ಹೋಯಿತು, ಹೊಸ ಬ್ಯಾಟರಿ ಬಂತು. ಎರಡು ದಿನ ಎಲ್ಲ ಸರಿ. ಮೂರನೆಯ ದಿನ ಕೋಟೇಶ್ವರ ದಾಟುವಾಗ ಲೈಟು ಮತ್ತೆ ಮಿಣಮಿಣ! ಆಗ ಡೈನಮೋ ಮೇಲೆ ಅನುಮಾನ, ಅದಾದ ಮೇಲೆ ಬಲ್ಬಿನ ಕಂಪೆನಿಯ ಮೇಲೆ ಬೈಗಳು. ನಿಜವಾದ ಕಳ್ಳ ಮಾತ್ರ ಬಾನೆಟ್ಟಿನ ಅಡಿಯಲ್ಲಿ, ಒಂದು ತುಕ್ಕು ಹಿಡಿದ ಬೋಲ್ಟಿನ ಕೆಳಗೆ ತಣ್ಣಗೆ ಕೂತಿರುತ್ತಾನೆ.

ಎಲ್ಲ ಇಲೆಕ್ಟ್ರಿಷಿಯನ್ನರೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಬೋಲ್ಟು ಬಿಚ್ಚಿ, ಉಜ್ಜಿ, "ಐವತ್ತು ರೂಪಾಯಿ ಕೊಡಿ ಸಾಕು" ಎಂದು ಕಳಿಸುವ ಪುಣ್ಯಾತ್ಮರೂ ಇದ್ದಾರೆ. ಆದರೆ ಬೋಲ್ಟು ಉಜ್ಜಿದರೆ ಸಿಗುವುದು ಐವತ್ತು, ಬ್ಯಾಟರಿ ಮಾರಿದರೆ ಸಿಗುವುದು ಅದಕ್ಕಿಂತ ಹೆಚ್ಚು. ಅಂಗಡಿ ಇಟ್ಟ ಓದುಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹೋದ ಬಸ್ಸು ತಿರುಗಿ ಬರಬೇಕು

ಉಡುಪಿಯಿಂದ ಕುಂದಾಪುರಕ್ಕೆ ಹೋದ ಬಸ್ಸುಗಳು ತಿರುಗಿ ಬಾರದೆ ಅಲ್ಲೇ ನಿಂತುಬಿಟ್ಟರೆ ಏನಾದೀತು? ಉಡುಪಿಯಲ್ಲಿ ಮುಂದಿನ ಟ್ರಿಪ್ಪಿಗೆ ಬಸ್ಸೇ ಇಲ್ಲ. ಗಾಡಿಯ ಕರೆಂಟಿನದೂ ಇದೇ ಕತೆ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ಫ್ಯೂಸು, ಸ್ವಿಚ್ಚು, ಬಲ್ಬು ಎಲ್ಲ ದಾಟಿ ಮೈನಸ್ಸಿಗೆ ಮರಳಿದರೆ ಮಾತ್ರ ಬಲ್ಬು ಉರಿಯುತ್ತದೆ. ಹೋಗಲು ವೈರಿದೆ. ಬರಲು? ಬರಲು ಗಾಡಿಯ ತಗಡಿನ ಮೈಯೇ ದಾರಿ. ಬಲ್ಬಿನಿಂದ ಒಂದು ತುಂಡು ಕಪ್ಪು ವೈರು ಬಾಡಿಗೆ, ಬಾಡಿಯಿಂದ ಒಂದು ದಪ್ಪ ಪಟ್ಟಿ ಬ್ಯಾಟರಿಯ ಮೈನಸ್ಸಿಗೆ, ಇಂಜಿನಿನಿಂದ ಇನ್ನೊಂದು ಪಟ್ಟಿ ಬಾಡಿಗೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಅರ್ತ್ ಎನ್ನುತ್ತಾರೆ. ಭೂಮಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಹಾಗೆ.

ಪ್ಲಸ್ ವೈರಿಗೆ ಫ್ಯೂಸುಂಟು, ಬಣ್ಣವುಂಟು, ಮೇಲೆ ಟೇಪುಂಟು. ಅರ್ತಿಗೆ ಇರುವುದು ಒಂದು ಬೋಲ್ಟು, ಒಂದು ವಾಷರು. ಅದರ ಮೇಲೆ ಮಳೆನೀರು, ಕೆಸರು, ಉಪ್ಪುಗಾಳಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ 4000 ಮಿಲ್ಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಮರವಂತೆಯಲ್ಲಂತೂ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ನೋಡುವ ಕಣ್ಣಿಗೆ ಹಬ್ಬ, ಗಾಡಿಯ ತಗಡಿಗೆ ಶ್ರಾದ್ಧ. ಇದು ಸಾಲದೆಂದು ಗಂಗೊಳ್ಳಿ, ಮಲ್ಪೆ ಬಂದರುಗಳಿಂದ ಬರುವ ಮೀನು ಗಾಡಿಗಳು ದಾರಿಯುದ್ದಕ್ಕೂ ಸುರಿಸುವ ಉಪ್ಪುನೀರು ಬೇರೆ. ಹಿಂದೆ ಬರುವ ಸ್ಕೂಟರು, ಕಾರುಗಳ ಅಡಿಗೆ ಅದರ ಪ್ರೋಕ್ಷಣೆ ನಿತ್ಯವೂ ನಡೆದಿದೆ. ಮೀನು ಗಾಡಿಗಳ ಹಿಂದಿನ ಲೈಟಿನ ಪಾಡನ್ನಂತೂ ಕೇಳುವುದೇ ಬೇಡ.

ಉಪ್ಪುನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ತಾಮ್ರವೂ ಕಬ್ಬಿಣವೂ ಒಂದಕ್ಕೊಂದು ತಾಗಿದ ಕಡೆ ನಡುವೆ ಉಪ್ಪುನೀರು ನಿಂತರೆ ಕಬ್ಬಿಣ ಇನ್ನೂ ಬೇಗ ತಿಂದುಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದ ಹಾಗೆ ವೈರಿನೊಳಗಿನ ಸಣ್ಣ ಸಣ್ಣ ತಾಮ್ರದ ಎಳೆಗಳು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹೊರಗಿನ ಪ್ಲಾಸ್ಟಿಕ್ಕು ಹೊಸದರಂತೆ ಕಾಣುತ್ತದೆ, ಸುಲಿದು ನೋಡಿದರೆ ಒಳಗೆ ಕಪ್ಪು ಪುಡಿ. ವೈರು ಗಟ್ಟಿಯಿದೆ ಎಂದು ಎಳೆದು ನೋಡಿ ಬಿಟ್ಟವರು ಮೋಸ ಹೋಗುವುದು ಇಲ್ಲಿಯೇ.

ಎಷ್ಟು ನಷ್ಟ? ಲೆಕ್ಕ ಮಾಡಿ ನೋಡೋಣ. ಸಾಧಾರಣ ಹ್ಯಾಲೊಜನ್ ಹೆಡ್‌ಲೈಟು ಬಲ್ಬು ಡಿಮ್ಮಿನಲ್ಲಿ 55 ವಾಟ್. ಎರಡು ಬಲ್ಬಿಗೆ ಸುಮಾರು 9 ಆಂಪಿಯರ್ ಕರೆಂಟು. ಅದು ಮರಳುವ ದಾರಿಯಲ್ಲಿ ತುಕ್ಕಿನಿಂದ ಒಂದು ಓಮಿನ ಹತ್ತನೆಯ ಒಂದು ಪಾಲು ತಡೆ ಬಂದರೂ 0.9 ವೋಲ್ಟು ಅಲ್ಲಿಯೇ ನಷ್ಟ. ಇಷ್ಟೇತಾನೆ ಎನ್ನಬೇಡಿ. ಹ್ಯಾಲೊಜನ್ ಬಲ್ಬಿನ ಗುಣ ವಿಚಿತ್ರ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ಇತ್ತ ನಷ್ಟವಾದ ಆ ವೋಲ್ಟೇಜು ಎಲ್ಲಿಗೂ ಓಡಿಹೋಗುವುದಿಲ್ಲ, ಅದೇ ಬೋಲ್ಟಿನಲ್ಲಿ ಸುಮಾರು 8 ವಾಟ್ ಬಿಸಿಯಾಗಿ ಕೂರುತ್ತದೆ. ಅಂದರೆ ಒಂದು ಸಣ್ಣ ಬೆಸುಗೆ ಕಡ್ಡಿಯನ್ನು ಬಾನೆಟ್ಟಿನ ಅಡಿಯಲ್ಲಿ ಉರಿಸಿ ಇಟ್ಟ ಹಾಗೆ. ಬಿಸಿಯಾದಷ್ಟು ಕಿಲುಬು ಹೆಚ್ಚು, ಕಿಲುಬು ಹೆಚ್ಚಿದಷ್ಟು ಬಿಸಿ ಹೆಚ್ಚು.

ದುಡ್ಡಿಲ್ಲದ ಪರೀಕ್ಷೆ

ಗ್ಯಾರೇಜಿಗೆ ಹೋಗುವ ಮೊದಲು ಗಾಡಿಯ ಯಜಮಾನರೇ ಸಂಜೆ ಹೊತ್ತು ಅಂಗಡಿಯ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ಲೈಟು ಹಾಕಿ, ಕಣ್ಣಿನಿಂದ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಮಿಣುಕುವುದು ಒಂದೇ ಲೈಟೋ, ಎಲ್ಲವೂ ಒಟ್ಟಿಗೋ? ಒಂದೇ ಆದರೆ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಬಿಟ್ಟುಬಿಡಿ, ಅವು ನಿರಪರಾಧಿಗಳು. ಆ ಬಲ್ಬು, ಅದರ ಹೋಲ್ಡರು, ಅದರ ಅರ್ತ್, ಈ ಮೂರರೊಳಗೆ ಹುಡುಕಿದರೆ ಸಾಕು. ಎಲ್ಲ ಲೈಟೂ ಒಟ್ಟಿಗೆ ಮಿಣುಕಿದರೆ ಎಲ್ಲಕ್ಕೂ ಸಮಾನವಾದ ಕಡೆ ನೋಡಬೇಕು: ಬ್ಯಾಟರಿಯ ಎರಡು ಟರ್ಮಿನಲ್, ದಪ್ಪ ಅರ್ತ್ ಪಟ್ಟಿ, ಬೆಲ್ಟು, ಆಲ್ಟರ್ನೇಟರ್.

ಟರ್ಮಿನಲ್ಲನ್ನು ಇಂಜಿನ್ ಬಂದ್ ಇರುವಾಗ ಕೈಯಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಸಡಿಲ ಎಂದೇ ಅರ್ಥ. ಬಿಳಿಯ ಅಥವಾ ಹಸಿರು ಹೂವು ಹಿಡಿದಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಸುರಿದರೆ ಬುಸುಬುಸು ನೊರೆ ಬಂದು ತೊಳೆದುಹೋಗುತ್ತದೆ. ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ಜಾಗ್ರತೆ ಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಕೈಯೂ ಸುಡುತ್ತದೆ. ಒರೆಸಿ ಒಣಗಿಸಿ ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ಗಾಳಿಯ ಉಪ್ಪು ಬೇಗ ತಾಗದು.

ಹಿಂದಿನ ಲೈಟಿನಲ್ಲಿ ಒಂದು ಮೋಜಿನ ರೋಗವುಂಟು. ಬ್ರೇಕ್ ತುಳಿದರೆ ಟೇಲ್ ಲೈಟು ಆರುತ್ತದೆ, ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಬೇರೆ ಲೈಟುಗಳೂ ಯಕ್ಷಗಾನ ಕುಣಿಯುತ್ತವೆ. ನೋಡಿದವರು ಸ್ವಿಚ್ಚು ಹಾಳು, ವೈರಿಂಗ್ ಪೂರಾ ಹಾಳು ಎನ್ನುತ್ತಾರೆ. ಎಂತದೂ ಇಲ್ಲ. ಆ ಗೊಂಚಲಿನ ಅರ್ತ್ ಕಡಿದಿದೆ. ಮನೆಗೆ ಹೋಗುವ ದಾರಿ ಮುಚ್ಚಿದಾಗ ಪಕ್ಕದ ಮನೆಯ ಅಂಗಳದಲ್ಲಿ ನುಗ್ಗಿ ಹೋಗುವಂತೆ ಕರೆಂಟು ಬೇರೆ ಬಲ್ಬಿನ ತಂತಿಯೊಳಗೆ ನುಗ್ಗಿ ಮರಳುತ್ತಿದೆ. ಪರೀಕ್ಷೆ ಸುಲಭ. ಒಂದು ಉದ್ದ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿಯನ್ನು ಆ ಲೈಟಿನ ಅರ್ತಿಗೆ ಹಿಡಿದರೆ ಕುಣಿತ ತಟ್ಟನೆ ನಿಲ್ಲುತ್ತದೆ. ಹೊಸ ಅರ್ತ್ ವೈರು ಎಳೆದರೆ ಕೆಲಸ ಮುಗಿಯಿತು. ಇನ್ನು ಇಂಡಿಕೇಟರ್ ಒಂದು ಬದಿಗೆ ಮಾತ್ರ ಅವಸರವಸರವಾಗಿ ಹೊಡೆದುಕೊಂಡರೆ ಆ ಬದಿಯ ಒಂದು ಬಲ್ಬು ಹೋಗಿದೆ ಎಂದು ತಿಳಿಯಿರಿ. ಅದು ಗಾಡಿ ಮಾಡಿದವರೇ ಕೊಟ್ಟ ಸೂಚನೆ.

ಮೀಟರು ಹೇಳುವ ಸತ್ಯ

ಮಲ್ಟಿಮೀಟರು ಈಗ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎರಡು ಡೆಲಿವರಿ ಗಾಡಿ ಇಟ್ಟುಕೊಂಡ ಅಂಗಡಿಯವರು ಒಂದನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರೆ ವರ್ಷದೊಳಗೆ ಅದರ ಬೆಲೆ ಹುಟ್ಟುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ ಮೀಟರು ಹಿಡಿದರೆ 12.6 ವೋಲ್ಟಿನ ಹತ್ತಿರ ತೋರಿಸಬೇಕು, ಅದು ತುಂಬಿದ ಬ್ಯಾಟರಿ. 12.2 ಎಂದರೆ ಅರ್ಧ. 12ರ ಕೆಳಗೆ ಬಂದರೆ ಬರಿದಾಗಿದೆ, ಆದರೆ ಸತ್ತಿದೆ ಎಂದಲ್ಲ. ಬರಿದಾದದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸವುಂಟು. ಚಾರ್ಜಿಗೆ ಹಾಕಿ, ಒಂದು ದಿನ ಬಿಟ್ಟು ನೋಡಿ, ಸೆಲ್ಫ್ ಹೊಡೆಯುವಾಗ ಎಷ್ಟು ಕುಸಿಯುತ್ತದೆ ನೋಡಿ. ಹತ್ತು ವೋಲ್ಟಿನಿಂದ ತೀರ ಕೆಳಗಿಳಿದರೆ ಮಾತ್ರ ಹೊಸ ಬ್ಯಾಟರಿಯ ಮಾತು.

ಇಂಜಿನ್ ಚಾಲೂ ಮಾಡಿದ ಮೇಲೆ ಅದೇ ಮೀಟರು 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ: ಬೆಲ್ಟು ಜಾರುತ್ತಿರಬಹುದು, ಆಲ್ಟರ್ನೇಟರಿನ ಕಾರ್ಬನ್ ಸವೆದಿರಬಹುದು. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ. ಬ್ಯಾಟರಿಯ ನೀರು ಆಗಾಗ ಒಣಗುವುದು, ಬಲ್ಬು ಮೇಲಿಂದ ಮೇಲೆ ಹೋಗುವುದು ಇದರ ಲಕ್ಷಣ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಸಿ ಇಳಿಸುತ್ತದೆ, ಅಂಥವುಗಳಲ್ಲಿ ಅಂಕಿ ಆಚೀಚೆಯಾದರೆ ಗಾಬರಿ ಬೇಡ. ಅರ್ತನ್ನು ಅಳೆಯಲು ಹೆಡ್‌ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಲೈಟಿನ ಅರ್ತ್ ವೈರಿಗೆ. ಸೊನ್ನೆಯ ಹತ್ತಿರ ತೋರಿಸಿದರೆ ಕ್ಷೇಮ. ಅರ್ಧ ವೋಲ್ಟು ತೋರಿಸಿದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳಿ. ಇದೊಂದು ಪರೀಕ್ಷೆಯನ್ನು ಮಾಡದೆ ಬ್ಯಾಟರಿ ಬದಲಿಸಲು ಹೇಳುವವರ ಮಾತನ್ನು ಕೇಳಬೇಕಾದ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಡೈನಮೋ ಕಾಲದ ಚಟ

ಅಂಬಾಸಿಡರ್, ಪದ್ಮಿನಿ ಕಾರುಗಳು ರಸ್ತೆಯ ರಾಜರಾಗಿದ್ದ ಕಾಲದಲ್ಲಿ ಡೈನಮೋ ಇತ್ತು. ನಿಂತಲ್ಲಿ ಇಂಜಿನ್ ನಿಧಾನವಾದರೆ ಡೈನಮೋ ಚಾರ್ಜು ಕೊಡುತ್ತಿರಲಿಲ್ಲ, ಲೈಟು ಮಂಕಾಗುತ್ತಿತ್ತು, ಆಕ್ಸಿಲೇಟರ್ ಒತ್ತಿದರೆ ಪ್ರಕಾಶವಾಗುತ್ತಿತ್ತು. ಹಳೆಯ ಸ್ಕೂಟರುಗಳಲ್ಲಂತೂ ಹೆಡ್‌ಲೈಟು ಇಂಜಿನಿನ ಮ್ಯಾಗ್ನೆಟ್ಟಿನಿಂದ ನೇರವಾಗಿ ಉರಿಯುತ್ತಿದ್ದುದರಿಂದ ಗೇರು ಬದಲಿಸಿದಾಗಲೆಲ್ಲ ಬೆಳಕಿನ ಏರಿಳಿತ. ಅದು ರೋಗವಲ್ಲ, ಅವುಗಳ ಹುಟ್ಟುಗುಣ. ಅಂಬಾಸಿಡರಿನ ತಯಾರಿ 2014ರಲ್ಲಿ ನಿಂತಿತು. ಆದರೆ ಆ ಕಾಲದ ಒಂದು ಕೆಟ್ಟ ಚಟ ಕೆಲವು ಕೈಗಳಲ್ಲಿ ಇನ್ನೂ ಉಳಿದಿದೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರು ಕಿತ್ತು, "ಇಂಜಿನ್ ನಿಲ್ಲಲಿಲ್ಲ, ಅಂದ್ರೆ ಡೈನಮೋ ಸಮ ಇತ್ತ್" ಎಂದು ತೀರ್ಪು ಕೊಡುವುದು! ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಪುಟಿದು ಡಯೋಡು, ರೆಗ್ಯುಲೇಟರ್, ಕೊನೆಗೆ ಇಂಜಿನಿನ ಕಂಪ್ಯೂಟರ್ ಕೂಡ ಸುಟ್ಟುಹೋಗಬಹುದು. ನಿಮ್ಮ ಗಾಡಿಯ ಬಳಿ ಯಾರಾದರೂ ಹಾಗೆ ಕೈ ಹಾಕಿದರೆ, "ಬ್ಯಾಡ ಮಾರ್ರೆ" ಎಂದು ತಡೆಯುವುದರಲ್ಲಿ ಸಂಕೋಚ ಬೇಡ.

ಹೊಸ ಕಾಲಕ್ಕೆ ಹೊಸ ರೋಗ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನಾಗಿ ಉರಿಯಬೇಕೆಂಬ ನಿಯಮ ಬಂತು. ಹಗಲು ಲೈಟು ಹಾಕಿದ್ದೀರಿ ಎಂದು ಕೈಸನ್ನೆ ಮಾಡುವವರು ಈಗ ಕಡಿಮೆಯಾಗಿದ್ದಾರೆ. ಹ್ಯಾಲೊಜನ್ ಕಿತ್ತು ಎಲ್‌ಇಡಿ ಹಾಕಿಸಿಕೊಂಡವರಲ್ಲಿ ಕೆಲವರ ಲೈಟು ಹೊಸದರಲ್ಲಿಯೇ ಮಿಣುಕುತ್ತದೆ. ಬಲ್ಬು ಉರಿಯುತ್ತಿದೆಯೇ ಎಂದು ಕೆಲವು ಕಾರಿನ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಕರೆಂಟು ತಟ್ಟಿ ನೋಡುತ್ತಿರುತ್ತದೆ. ಹಳೆಯ ಬಲ್ಬಿನ ತಂತಿ ಕಾದಿರುವುದರಿಂದ ಅದು ಕಣ್ಣಿಗೆ ಕಾಣದು, ಎಲ್‌ಇಡಿ ಮಾತ್ರ ಕ್ಷಣಾರ್ಧದಲ್ಲಿ ಆರಿ ಹತ್ತಿ ಗುಟ್ಟು ರಟ್ಟು ಮಾಡುತ್ತದೆ. ಇದಕ್ಕೆ ಬ್ಯಾಟರಿ ಬದಲಿಸಿ ಫಲವಿಲ್ಲ. ಬಲ್ಬು ಆ ಗಾಡಿಗೆ ಹೊಂದುವಂಥದ್ದಲ್ಲ, ಅಷ್ಟೆ.

ಬೆಳ್ಳಿ ಕಾಗದದ ಫ್ಯೂಸು

ಮಿಣುಕುವ ಲೈಟಿನಿಂದ ಹಣ ಹೋಗುತ್ತದೆ. ಫ್ಯೂಸಿನ ಆಟದಿಂದ ಗಾಡಿಯೇ ಹೋಗುತ್ತದೆ. ಸಾಮಾನು ಸಾಗಿಸುವ ಓಮ್ನಿ, ಗೂಡ್ಸ್ ರಿಕ್ಷಾಗಳಲ್ಲಿ ನೋಡಿ: ಒಂದು ಮ್ಯೂಸಿಕ್ ಸೆಟ್, ಎರಡು ಹೆಚ್ಚಿನ ಲೈಟು, ಗಟ್ಟಿ ದನಿಯ ಹಾರ್ನ್, ಮೊಬೈಲ್ ಚಾರ್ಜರ್, ದೇವರ ಫೋಟೋಗೆ ಬಣ್ಣದ ಸರ. ಎಲ್ಲವೂ ಇದ್ದ ಒಂದೇ ವೈರಿಗೆ ಬೆರಳಿನಲ್ಲಿ ಸುತ್ತಿ ಟೇಪು ಹಚ್ಚಿದ ಜೋಡಣೆ. 10 ಆಂಪಿಯರಿನ ಫ್ಯೂಸು ಹೋಗುತ್ತದೆ, 30ರದ್ದು ಹಾಕುತ್ತಾರೆ. ಅದೂ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕುತ್ತಾರೆ. ಫ್ಯೂಸು ಹೋಗಲಿಲ್ಲ ಎಂದು ಸಂತೋಷ! ವೈರನ್ನು ಉಳಿಸಲೆಂದು ಫ್ಯೂಸು ಸಾಯುತ್ತದೆ. ಫ್ಯೂಸು ಸಾಯದಿದ್ದರೆ ವೈರು ಸಾಯಬೇಕು, ವೈರು ಹೋಗುವುದು ಪೆಟ್ರೋಲ್ ಪೈಪಿನ ಪಕ್ಕದಲ್ಲಿ.

ನೂರು ವಾಟಿನ ಬಲ್ಬಿನ ಹುಚ್ಚೂ ಇದೇ ಜಾತಿಯದು. ಕಂಪೆನಿಯವರು 55–60 ವಾಟಿಗೆ ಎಳೆದ ವೈರಿನಲ್ಲಿ, ಹೋಲ್ಡರಿನಲ್ಲಿ, ಸ್ವಿಚ್ಚಿನಲ್ಲಿ ಅದರ ಸುಮಾರು ಎರಡರಷ್ಟು ಕರೆಂಟು ಹರಿದರೆ ಹೋಲ್ಡರು ಕರಗಿ ಕಂದಾಗುತ್ತದೆ. ಕರಗಿದ ಹೋಲ್ಡರಿನಲ್ಲಿ ಬಲ್ಬಿನ ಕಾಲು ಸಡಿಲ, ಸಡಿಲವಾದರೆ ಮಿಣುಕು. ಬೆಳಕು ಹೆಚ್ಚಲಿ ಎಂದು ಹೊರಟವರು ಇದ್ದದ್ದನ್ನೂ ಕಳೆದುಕೊಂಡು, ಎದುರಿನಿಂದ ಬರುವವನ ಕಣ್ಣಿಗೂ ಕತ್ತಲೆ ಕವಿಸುತ್ತಾರೆ. ಹೆಚ್ಚಿನ ಲೈಟು ಬೇಕೇ ಬೇಕೆಂದರೆ ಪ್ರತ್ಯೇಕ ವೈರು, ಪ್ರತ್ಯೇಕ ಫ್ಯೂಸು, ರಿಲೇ ಹಾಕಿಸಬೇಕು. ಅದಕ್ಕೆ ಮೊದಲು ಇದ್ದ ಅರ್ತನ್ನು ಉಜ್ಜಿ ನೋಡಿ, ಹೆಚ್ಚಿನ ಲೈಟಿನ ಅಗತ್ಯವೇ ಬಾರದಿರಬಹುದು.

ಎರಡು ದಿನ ನಿಲ್ಲಿಸಿದರೆ ಗಾಡಿ ಚಾಲೂ ಆಗುವುದಿಲ್ಲ ಎಂಬ ದೂರಿಗೂ ಈ ಹೆಚ್ಚಿನ ಜೋಡಣೆಗಳೇ ಹಲವು ಸಲ ಕಾರಣ. ನಿಂತ ಗಾಡಿ ಗಡಿಯಾರ, ಲಾಕು ಇತ್ಯಾದಿಗೆಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲಿನೊಳಗೆ ಕರೆಂಟು ಕುಡಿಯುವುದು ಸಹಜ. ಅರ್ಧ ಆಂಪಿಯರ್ ಕುಡಿದರೆ 40 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನ ಚಿಲ್ಲರೆಯಲ್ಲಿ ಪೂರ್ತಿ ಖಾಲಿ. ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ಡಿಕ್ಕಿಯೊಳಗೆ ಆರದೆ ಉಳಿದ ಒಂದು ಪುಟ್ಟ ಬಲ್ಬು ಸಾಕು ಈ ಕೆಲಸಕ್ಕೆ. ಮಳೆಗಾಲದಲ್ಲಿ ಬೆಚ್ಚಗೆ ಕೂರಲು ಬಾನೆಟ್ಟಿಗೆ ಸೇರುವ ಇಲಿಗಳ ಹಲ್ಲನ್ನೂ ಮರೆಯಬಾರದು.

ಕೆಂಪು ದೀಪ ಹತ್ತಿದರೆ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿಕೊಂಡರೆ ಬ್ಯಾಟರಿ ಹಾಳೆಂದು ಅರ್ಥವಲ್ಲ, ಚಾರ್ಜು ನಿಂತಿದೆ ಎಂದು ಅರ್ಥ. ಅಲ್ಲಿಂದಾಚೆಗೆ ಗಾಡಿ ಉಳಿತಾಯದ ಹಣದ ಮೇಲೆ ಜೀವನ ಮಾಡುತ್ತಿದೆ. ಮಳೆಯ ರಾತ್ರಿ ಹೆಡ್‌ಲೈಟು, ವೈಪರ್, ಫ್ಯಾನು, ಇಂಜಿನಿನ ಸ್ವಂತ ಖರ್ಚು ಎಲ್ಲ ಕೂಡಿದರೆ 30 ಆಂಪಿಯರಿನ ಹತ್ತಿರ. 35 ಆಂಪಿಯರ್-ಅವರಿನ ಬ್ಯಾಟರಿ ತುಂಬಿದ್ದರೂ ಒಂದು ಗಂಟೆಯ ಮಾತು. ಬೈಂದೂರಿನಲ್ಲಿ ದೀಪ ಹತ್ತಿದ್ದನ್ನು ನೋಡಿಯೂ ನೋಡದಂತೆ ಮಂಗಳೂರಿಗೆ ಹೊರಟವನು ದಾರಿಯಲ್ಲಿ ಎಲ್ಲೋ ಕತ್ತಲೆಯಲ್ಲಿ, ಹಿಂದೆ ಕೆಂಪು ಲೈಟೂ ಇಲ್ಲದೆ ನಿಲ್ಲುತ್ತಾನೆ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವ ಗಾಡಿಯಾದರೆ ಇಂಜಿನ್ ಕಾದು ಹೋಗುವ ಭಯ ಬೇರೆ. ಎಸಿ, ಫ್ಯಾನು, ಮ್ಯೂಸಿಕ್ ಬಂದ್ ಮಾಡಿ, ಬೆಳಕಿರುವ ಕಡೆ, ಪೆಟ್ರೋಲ್ ಬಂಕೋ ಹೋಟೆಲೋ ಇರುವಲ್ಲಿ, ರಸ್ತೆಯಿಂದ ಪೂರಾ ಇಳಿಸಿ ನಿಲ್ಲಿಸುವುದೇ ಜಾಣತನ.

ಬಸ್ಸಿನವರಿಗೆ ಒಂದು ಮಾತು

ನಮಗೆ ಕಾರೂ ಇಲ್ಲ, ಸ್ಕೂಟರೂ ಇಲ್ಲ, ನಮಗೇಕೆ ಈ ಪುರಾಣ ಎನ್ನುವ ಬಸ್ ಪ್ರಯಾಣಿಕರು ನಾಳೆ ಸಂಜೆ ಸೀಟಿನಲ್ಲಿ ಕೂತು ತಲೆಯ ಮೇಲಿನ ಲೈಟು ನೋಡಿ. ಬಸ್ಸಿಗೆ 24 ವೋಲ್ಟು. 12ರ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಹಾಡಿನ ಸೆಟ್ಟೋ ಟಿವಿಯೋ 12 ವೋಲ್ಟಿನದು. ಅದಕ್ಕೆಂದು ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದುಬಿಟ್ಟರೆ ಒಂದು ಎತ್ತಿಗೆ ಮಾತ್ರ ನೊಗ ಹೊರಿಸಿದ ಹಾಗೆ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಜೊತೆಯದ್ದು ಅತಿಯಾಗಿ ಉಂಡು ಕುದಿಯುತ್ತದೆ, ಕೊನೆಗೆ ಎರಡೂ ಕೆಡುತ್ತವೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿದರೆ ಈ ತಾಪತ್ರಯವಿಲ್ಲ.

ಪ್ರಯಾಣಿಕರ ಜೀವಕ್ಕೆ ಸಂಬಂಧಿಸಿದ್ದು ಹಿಂದಿನ ಲೈಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ಲೈಟು ಉರಿಯಲೇಬೇಕು, ಹಿಂದಿನ ಕೆಂಪು ಲೈಟು 155 ಮೀಟರ್ ದೂರಕ್ಕೆ ಕಾಣಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿಗೆ ಆ 155 ಮೀಟರ್ ಏಳು ಸೆಕೆಂಡಿನ ದಾರಿ. ಹೆಡ್‌ಲೈಟು ಕೆಟ್ಟರೆ ಡ್ರೈವರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ರಿಪೇರಿಯಾಗುತ್ತದೆ. ಟೇಲ್ ಲೈಟು ಕೆಟ್ಟದ್ದು ಕಾಣುವುದು ಹಿಂದೆ ಬರುವವನಿಗೆ ಮಾತ್ರ, ಇಲ್ಲವೇ ಕುಂಭಾಶಿಯಲ್ಲಿ ಇಳಿದು ರಸ್ತೆ ದಾಟಲು ಬಸ್ಸು ಹೊರಡುವುದನ್ನು ಕಾಯುತ್ತ ನಿಂತವರಿಗೆ. ಬಸ್ಸಿನ ನಂಬರು ನೋಡಿಟ್ಟು ಮರುದಿನ ಕಂಡಕ್ಟರಿಗೆ "ಹಿಂದಿನ ಲೈಟ್ ಇಲ್ಲೆ ಕಾಣಿ" ಎಂದರೆ ಸಾಕು. ಒಂದು ಬಲ್ಬು ಅಥವಾ ಒಂದು ಮೊಳ ಅರ್ತ್ ವೈರಿನ ಕೆಲಸ, ಬ್ಯಾಟರಿ ಬೇಕಾಗಿಲ್ಲ.